ಒಣಮೀನಿನ ಮೇಲಿನ ವಾಲಿಬಾಲ್ ನೆಟ್

ನಮ್ಮ ಪೋರೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೊನ್ನೆ ಒಂದು ಚೀಟಿ ಅಂಟಿಸಿದ್ದರು. ಯಾರದೋ ಮನೆಯಲ್ಲಿ ಕರುವಾಡು ಹುರಿಯುತ್ತಿದ್ದಾರೆ, ವಾಸನೆ ಮೆಟ್ಟಿಲವರೆಗೂ ಬರುತ್ತಿದೆ, ದಯವಿಟ್ಟು ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳಿ ಎಂದು. ಕರುವಾಡು ಅಂದರೆ ಒಣಮೀನು. ನಮ್ಮ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ. ನಮ್ಮ ಯಜಮಾನರು ಚೀಟಿ ಓದಿ, "ಸರಿಯಾಗೇ ಬರ್ದಿದಾರೆ" ಅಂದರು. ನಾನು ಮಾತ್ರ ಮನೆಗೆ ಬಂದವಳೇ ನಮ್ಮ ಅಡುಗೆಮನೆಯ ಕಿಟಕಿಯನ್ನು ಪೂರಾ ತೆರೆದು ಅಲ್ಲೇ ನಿಂತುಬಿಟ್ಟೆ. "ಏನೇ ಇದು, ತಲೆ ಕೆಟ್ಟಿದೆಯಾ?" ಎಂದು ಅವರು ಕೇಳಿದರು. ಕೆಟ್ಟಿರಲಿಲ್ಲ. ಆ ವಾಸನೆಯ ಜೊತೆಗೇ ನನಗೆ ಮೇಲ್ಮನೆ ಮೇಡಂ ನೆನಪಾಗಿದ್ದರು... ತಿರುವೊಟ್ಟಿಯೂರಿನ ಕಡಲ ದಂಡೆಯ ಬೆಳಗಿನ ಬಿಸಿಲಿನಲ್ಲಿ, ಒಣಮೀನಿನ ನಡುವೆ ಕೊಡೆ ಹಿಡಿದು ನಿಂತ ಮೇಡಂ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಇದೇ ನಗರದ ಕೀಲ್ಪಾಕ್‌ನಲ್ಲಿ ಬಾಡಿಗೆಗಿದ್ದೆವು. ನಮ್ಮ ತಲೆಯ ಮೇಲಿನ ಮಹಡಿಯಲ್ಲಿ ಅವರಿದ್ದರು, ಜೊತೆಗೆ ಹಾಸಿಗೆ ಹಿಡಿದ ಅವರ ತಾಯಿ. ಆಸ್ಪತ್ರೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಅವರು ಆ ಇಕ್ಕಟ್ಟಿನ ಮನೆಯನ್ನು ಹಿಡಿದುಕೊಂಡಿದ್ದರು. ಮದುವೆಯಾಗಿರಲಿಲ್ಲ. ಹೊಸೂರಿನ ಕಡೆಯವರು. ಮನೆಯಲ್ಲಿ ಕನ್ನಡ, ಓದಿದ್ದು ತಮಿಳು, ಕೆಲಸ ತಮಿಳುನಾಡು ಸರ್ಕಾರದ್ದು. ಊರೂರಿನ ಆಟದ ಕ್ಲಬ್ಬುಗಳಿಗೆ ಅನುದಾನ ಕೊಡುವ ಕಚೇರಿಯಲ್ಲಿ ಅಧಿಕಾರಿ. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಕಪ್ಪು ಕೊಡೆ, ಮುಖದಲ್ಲಿ ನಗು ಅಪರೂಪ. ಮೊದಲ ಸಲ ನಾನು ಮಾಡಿದ ಹುಳಿಯ ಪಾತ್ರೆ ಹಿಡಿದು ಮೇಲೆ ಹೋದಾಗ ಬಾಗಿಲಲ್ಲೇ ಹೇಳಿಬಿಟ್ಟರು: "ನೋಡಮ್ಮಾ, ಚಪ್ಪಲಿ ಬಿಡೋ ಜಾಗದಲ್ಲೇ ನಾನು ಆಫೀಸನ್ನೂ ಬಿಟ್ಬಿಡ್ತೀನಿ. ಒಳಗೆ ಬಂದ್ಮೇಲೆ ಆ ಮಾತು ಬೇಡ. ಹುಳಿ ಮಾತ್ರ ದಿನಾ ತಂದ್ರೂ ಬೇಡ ಅನ್ನಲ್ಲ." ಆವತ್ತು ಇಬ್ಬರೂ ನಕ್ಕಿದ್ದೆವು.

ನಾನು ವಾಲಿಬಾಲ್ ಆಡಿಯೇ ವಿಮಾ ಕಂಪನಿಯಲ್ಲಿ ಕೆಲಸ ಗಿಟ್ಟಿಸಿದವಳು. ತವರುಮನೆ ತಿರುವೊಟ್ಟಿಯೂರು. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮದುವೆಯಾಗಿ ಕೀಲ್ಪಾಕ್‌ಗೆ ಬಂದ ಮೇಲೂ ಬೆಳಗಿನ ಮೊದಲ ಬಸ್ಸು ಹಿಡಿದು ಸಮುದ್ರದ ದಂಡೆಗೆ ಓಡುತ್ತಿದ್ದೆ. ಅಲ್ಲಿ ನನ್ನ ಹುಡುಗಿಯರಿದ್ದರು, ಮೀನುಗಾರರ ಮತ್ತು ಕಾರ್ಖಾನೆ ಕೆಲಸಗಾರರ ಮಕ್ಕಳು. ಅಂಗಳದಂಥ ಆ ಮೈದಾನ ಮನೆಯ ಎದುರಿಗೇ ಇತ್ತು ಅಂತಲೇ ಅವರನ್ನು ಆಟಕ್ಕೆ ಬಿಡುತ್ತಿದ್ದರು. ಬಸ್ಸು ಹತ್ತಿ ಬೇರೆ ಕಡೆ ಹೋಗಿ ಆಡಿ ಅಂದರೆ ಒಬ್ಬಳನ್ನೂ ಕಳಿಸುತ್ತಿರಲಿಲ್ಲ. ಮೈದಾನ ಹೋದರೆ ಹುಡುಗಿಯರೂ ಹೋದಂತೆಯೇ.

ಆ ಜಾಗ ಒಬ್ಬ ಐಸ್ ಫ್ಯಾಕ್ಟರಿ ಮುದಲಾಳಿಯದು, ಅಂದರೆ ಮಾಲೀಕರದು. ಒಳ್ಳೆಯ ಮನುಷ್ಯ, ನಮ್ಮ ಕ್ಲಬ್ಬಿಗೆ ಅಧ್ಯಕ್ಷರೂ ಅವರೇ. ಆದರೆ ಅವರ ಮಕ್ಕಳಿಗೆ ಅಲ್ಲಿ ಲಾರಿ ನಿಲ್ಲಿಸುವ ಆಸೆ. "ಸರ್ಕಾರವೇ ಇದನ್ನ ಕ್ಲಬ್ ಅಂತ ಒಪ್ಪಿಕೊಳ್ಳಲಿ, ಮಕ್ಕಳ ಬಾಯಿ ಮುಚ್ಚಿಸ್ತೇನೆ. ಚಿತ್ತಿರೈ ತಿಂಗಳು ಹುಟ್ಟೋದರೊಳಗೆ ಕಾಗದ ತಂದುಬಿಡಮ್ಮಾ" ಎಂದು ತಮಿಳಿನಲ್ಲಿ ಹೇಳಿದ್ದರು. ಚಿತ್ತಿರೈ ಅಂದರೆ ಏಪ್ರಿಲ್ ನಡುವೆ ಹುಟ್ಟುವ, ತಮಿಳರ ಹೊಸ ವರ್ಷದ ತಿಂಗಳು. ಅವರ ಸಹಿ ಹಾಕಿಸಿ ಅರ್ಜಿ ಕಳಿಸಿದೆವು. ಅದು ಮೇಡಂ ಕಚೇರಿಗೇ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಚಪ್ಪಲಿಯ ಮಾತು ಆಡಿಯಾಗಿತ್ತಲ್ಲ, ನಾನು ಬಾಯಿ ಬಿಡಲಿಲ್ಲ. ನಾನು ಎಲ್ಲೋ ಹುಡುಗಿಯರಿಗೆ ಆಟ ಕಲಿಸುತ್ತೇನೆ ಅನ್ನುವುದಷ್ಟೇ ಅವರಿಗೆ ಗೊತ್ತು.

ಆ ಮೈದಾನಕ್ಕೆ ಇಬ್ಬರು ಯಜಮಾನರು. ಬೆಳಗಿನ ಪಾಳಿಯ ಸೈರನ್ ಕೂಗುವವರೆಗೆ ನಮ್ಮದು, ಸಂಜೆ ಮತ್ತೆ ನಮ್ಮದು. ನಡುವಿನ ಬಿಸಿಲೆಲ್ಲ ಮೀನು ಒಣಗಿಸುವ ಹೆಂಗಸರದು. ಅಷ್ಟೇ ಅಲ್ಲ, ಸೈರನ್ ಆದ ಕೂಡಲೇ ನಮ್ಮ ನೆಟ್ಟೂ ಅವರದೇ! ಕಂಬದಿಂದ ಬಿಚ್ಚಿ ನೇರವಾಗಿ ಮೀನಿನ ಮೇಲೆ ಹೊದಿಸುತ್ತಿದ್ದರು, ಕಾಗೆ ಬಾರದಿರಲಿ ಅಂತ. ಮೀನುಬಲೆಯನ್ನೇ ಹೊದಿಸಬಾರದೇ ಅಂತ ನಾನೂ ಕೇಳಿದ್ದೆ. ಬಲೆಯ ಸಣ್ಣ ನೂಲಿಗೆ ಮೀನಿನ ರೆಕ್ಕೆ ಸಿಕ್ಕಿಕೊಂಡು ಹರಿಯುತ್ತದಂತೆ, ನಮ್ಮ ದಪ್ಪ ಹಗ್ಗದ ನೆಟ್ಟಿಗೆ ಆ ತಕರಾರಿಲ್ಲ. ಅದರ ಬದಲಿಗೆ ಅವರು ನಮಗಾಗಿ ಮೈದಾನ ಗುಡಿಸುತ್ತಿದ್ದರು. ಹೀಗಾಗಿ ನನ್ನ ಹುಡುಗಿಯರ ಕೈಯೆಲ್ಲ ಕರುವಾಡು. ನನ್ನ ಕೈಯೂ ಅಷ್ಟೇ. ಆಫೀಸಿನಲ್ಲಿ ಪಕ್ಕದ ಮೇಜಿನವಳು, "ಏನ್ರೀ, ಬ್ರಾಹ್ಮಣರ ಮನೆ ಹುಡುಗಿ ಅಂತೀರಿ, ದಿನಾ ಮೀನು ತಿಂದು ಬರ್ತೀರಾ?" ಎಂದು ಕಿಚಾಯಿಸುತ್ತಿದ್ದಳು. ಅತ್ತೆಯವರಂತೂ ನಾನು ಸ್ನಾನ ಮಾಡದೆ ನೀರಿನ ಕೊಡ ಮುಟ್ಟಲು ಬಿಡುತ್ತಿರಲಿಲ್ಲ.

ಅನುದಾನದ ಇನ್ಸ್‌ಪೆಕ್ಷನ್ ಹೇಳಿ ಕೇಳಿ ಬರುವಂಥದ್ದಲ್ಲ. ಹೇಳದೆ ಬರಬೇಕು, ಕಚೇರಿಯ ಹೊತ್ತಿನಲ್ಲೇ ಬರಬೇಕು. ಅದು ನಿಯಮ. ಅವರು ಬಂದದ್ದು ನಡುಮಧ್ಯಾಹ್ನ, ನಾನು ಆಫೀಸಿನಲ್ಲಿದ್ದೆ, ಹುಡುಗಿಯರು ಶಾಲೆಯಲ್ಲಿ. ಜೀಪು ನಿಂತಿದ್ದನ್ನು ಕಂಡವಳು ಒಬ್ಬಳೇ, ನಮ್ಮ ತಂಡದಲ್ಲಿ ಚೆಂಡೆತ್ತಿ ಕೊಡುವ ಸೆಟ್ಟರ್ ಹುಡುಗಿಯ ತಾಯಿ. ಸರ್ಕಾರದ ಜೀಪು ಕಂಡರೆ ಆ ಹೆಂಗಸಿಗೆ ಒಂದೇ ಅರ್ಥ: ಮೀನು ಒಣಗಿಸುವ ಜಾಗ ಕಿತ್ತುಕೊಳ್ಳಲು ಬಂದಿದ್ದಾರೆ. ಇಲ್ಲಿ ಆಟ ಆಡುತ್ತಾರಾ ಎಂದು ಇಳಿದ ಅಧಿಕಾರಿ ಕೇಳಿದರಂತೆ. ಆಟದ ಮೈದಾನ ಅಂತ ಒಪ್ಪಿಕೊಂಡರೆ ತಾನು ಕೆಟ್ಟೆ ಅಂದುಕೊಂಡು ಅವಳು ಎದೆ ಬಡಿದುಕೊಂಡು, "ಇಂಗ ಯಾರುಂ ವಿಳೆಯಾಡ ಮಾಟ್ಟಾಂಗಮ್ಮಾ!" ಅಂದುಬಿಟ್ಟಳು. ಇಲ್ಲಿ ಯಾರೂ ಆಡೋದೇ ಇಲ್ಲ, ಅಜ್ಜಿ ಕಾಲದಿಂದ ಇದು ಮೀನಿನ ಜಾಗ ಅಂತ. ಹೆತ್ತ ಮಗಳು ದಿನಾ ಅದೇ ಮಣ್ಣಿನಲ್ಲಿ ಬಿದ್ದೆದ್ದು ಆಡುತ್ತಾಳೆ! ಕಂಬಗಳಿಗೆ ಹಗ್ಗ ಬಿಗಿದು ಸೀರೆ ಬೇರೆ ಹರವಿದ್ದರು. ಜೀಪು ಹೋದ ಮೇಲೆ ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು, ನಾನು ನಮ್ಮ ಜಾಗ ಉಳಿಸಿದೆ ಅಂತ.

ಕಚೇರಿಯಿಂದ ಕಾಗದ ಬಂತು. ಮೈದಾನ ಮೀನು ಒಣಗಿಸಲು ಬಳಕೆಯಾಗುತ್ತಿದೆ, ಆಟದ ಚಟುವಟಿಕೆ ಕಂಡುಬಂದಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ಕೆಳಗಿನ ಸಹಿ ನಮ್ಮ ಮೇಲ್ಮನೆಯವರದು. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಯಜಮಾನರು, "ಬೇಡ ಕಣೇ, ಅಧಿಕಾರಿಗಳ ಹತ್ರ ಜಗಳ ಬೇಡ" ಅನ್ನುತ್ತಲೇ ಇದ್ದರು, ನಾನು ಆಗಲೇ ಮೆಟ್ಟಿಲ ಮೇಲಿದ್ದೆ. ಅವರು ತಾಯಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಚಪ್ಪಲಿಯ ಜಾಗ ದಾಟಿ ಒಳಗೇ ನುಗ್ಗಿದೆ.

"ಮೇಡಂ, ಒಂದು ಬೆಳಿಗ್ಗೆ ಬಂದು ನೋಡಬಾರದಿತ್ತಾ? ಮಟಮಟ ಮಧ್ಯಾಹ್ನ ಯಾವ ಹುಡುಗಿ ಆಡ್ತಾಳೆ? ಶಾಲೆಗೆ ಚಕ್ಕರ್ ಹಾಕಿ ಆಡಬೇಕಿತ್ತಾ?"

ಅವರ ಚಮಚ ನಿಂತಿತು. "ಅದು ನಿನ್ನ ಕ್ಲಬ್ಬಾ?" ಎಂದರು. ನಾನು ಹೌದೆಂದೆ. ಅವರ ಮುಖ ಬಿಳಿಚಿಕೊಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. "ನಿನ್ನದು ಅಂತ ಗೊತ್ತಿದ್ದಿದ್ರೆ ಇನ್ಸ್‌ಪೆಕ್ಷನ್ನೇ ಬೇರೆಯವರಿಗೆ ಕೊಡ್ತಿದ್ದೆ. ಈಗ ನಾನೇನು ಮಾಡಿದ್ರೂ ಪಕ್ಕದ ಮನೆಯವಳಿಗೆ ಮಾಡಿದ ಹಾಗಾಗುತ್ತೆ. ಹೋಗಮ್ಮಾ ಕೆಳಗೆ" ಅಂದರು. ಬಾಗಿಲು ಹಾಕಿಕೊಂಡರು. ಅವತ್ತು ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಲ್ಲು ಹೃದಯ, ಬರೀ ರೂಲ್ಸಿನ ಹೆಂಗಸು ಅಂತ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಕುಕ್ಕಿ ಬೈದೆ, ಮೇಲಕ್ಕೆ ಕೇಳಲಿ ಅಂತಲೇ.

ಆಮೇಲೆ ಮೆಟ್ಟಿಲಲ್ಲಿ ಎದುರಾದರೂ ಮಾತಿಲ್ಲ. ಹುಳಿಯ ಪಾತ್ರೆ ಮೇಲೇ ಉಳಿದಿತ್ತು, ಅದನ್ನೂ ಕೇಳಲಿಲ್ಲ. ಅತ್ತ ಮುದಲಾಳಿಯ ಮಕ್ಕಳು ಮೈದಾನದ ಅಳತೆ ತೆಗೆದುಕೊಂಡು ಹೋದರು. ಹುಡುಗಿಯರು ಚೆಂಡು ಎತ್ತುವುದಕ್ಕಿಂತ ರಸ್ತೆ ನೋಡುವುದೇ ಹೆಚ್ಚಾಯಿತು, ಲಾರಿ ಬಂತೇನೋ ಅಂತ. ನಮ್ಮ ಸೆಟ್ಟರ್ ಹುಡುಗಿ ತಾಯಿಯ ಜೊತೆ ಮಾತು ಬಿಟ್ಟಳು. ತಾನು ಏನು ಮಾಡಿದೆ ಅಂತ ಆ ಹೆಂಗಸಿಗೆ ಆಗ ತಿಳಿಯಿತು. ಮರಳಲ್ಲಿ ಕೂತು ತಲೆ ಚಚ್ಚಿಕೊಂಡಳು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಜೀಪು ಕಂಡರೆ ಹೆದರುವುದನ್ನು ಅವಳಿಗೆ ಕಲಿಸಿದ್ದು ನಾವಲ್ಲವಲ್ಲ.

ಒಂದು ಸಂಜೆ ಮೇಡಂ ತೊಳೆದ ಹುಳಿಪಾತ್ರೆ ಹಿಡಿದು ನಮ್ಮ ಬಾಗಿಲಿಗೇ ಬಂದರು. ಒಳಗೆ ಕರೆದರೂ ಬರಲಿಲ್ಲ, ಚಪ್ಪಲಿಯ ಜಾಗದಲ್ಲೇ ನಿಂತರು. "ಒಂದು ಮಾತು ಕೇಳ್ತೀನಿ. ಮೀನಿನ ಮೇಲೆ ಹೊದಿಸಿದ್ರಲ್ಲ, ಅದು ವಾಲಿಬಾಲ್ ನೆಟ್ಟು ತಾನೆ? ಮೇಲ್ಗಡೆ ಬಿಳೀ ಪಟ್ಟಿ ಇತ್ತು."

ಹೌದೆಂದೆ.

"ಮನೆ ತುಂಬ ಬಲೆ ಇಟ್ಕೊಂಡಿರೋ ಜನ ಕಾಗೆ ಓಡಿಸೋಕೆ ವಾಲಿಬಾಲ್ ನೆಟ್ ಯಾಕಮ್ಮಾ ಕೊಂಡ್ಕೊಳ್ತಾರೆ? ಅವತ್ತಿಂದ ಅದೇ ತಲೇಲಿ ಕೊರೀತಾ ಇದೆ. ನಾನು ಬರೆದಿದ್ದು ಸರಿಯಿಲ್ಲ ಅನ್ನಿಸ್ತಿದೆ. ನೀವು ಆಡೋ ಹೊತ್ತು ಯಾವುದು ಅಂತ ಅರ್ಜೀಲಿ ಯಾಕೆ ಬರೀಲಿಲ್ಲ?"

"ಬರೆಯೋಕೆ ಕಾಲಂ ಎಲ್ಲಿದೆ ಮೇಡಂ? ಅಧ್ಯಕ್ಷರು ಏನು ಓದಿದ್ದಾರೆ ಅಂತ ಕೇಳ್ತೀರಿ, ಮೈದಾನದ ಉದ್ದ ಅಗಲ ಕೇಳ್ತೀರಿ, ಸಾಮಾನಿಡೋ ಬೀರು ಎಷ್ಟಿದೆ ಅಂತ ಕೇಳ್ತೀರಿ. ಯಾವಾಗ ಆಡ್ತೀರಿ ಅಂತ ನಿಮ್ಮ ಸರ್ಕಾರ ಎಲ್ಲಿ ಕೇಳಿದೆ?"

ಅವರು ಪಾತ್ರೆ ನನ್ನ ಕೈಗಿಟ್ಟು ಮೇಲೆ ಹೋದರು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಂದಿನ ವಾರ ಇನ್ನೂ ಸೂರ್ಯ ಪೂರ್ತಿ ಮೇಲೇರಿರಲಿಲ್ಲ, ಮೇಡಂ ಕೊಡೆ ಹಿಡಿದು ನಮ್ಮ ಮೈದಾನದ ಮರಳಲ್ಲಿ ನಡೆದು ಬಂದರು. ಜೀಪಿಲ್ಲ. ಎಲೆಕ್ಟ್ರಿಕ್ ಟ್ರೇನಿನಲ್ಲಿ ಒಬ್ಬರೇ ಬಂದಿದ್ದರು. ನನ್ನನ್ನು ಗುರುತೇ ಇಲ್ಲದವರ ಹಾಗೆ ದಾಟಿ ಹೋಗಿ ಮಗುಚಿ ಹಾಕಿದ ದೋಣಿಯೊಂದರ ಮೇಲೆ ಕೂತರು. ಅವರು ಯಾರು ಅಂತ ಸೆಟ್ಟರ್ ಹುಡುಗಿಯ ತಾಯಿ ಕಿರುಚಿ ಎಲ್ಲರಿಗೂ ತಿಳಿಸಿಬಿಟ್ಟಳು. ತೊಗೊಳ್ಳಿ, ಕೆಟ್ಟಿತು! ನನ್ನ ಹುಡುಗಿಯರಿಗೆ ಕೈಕಾಲೇ ಆಡಲಿಲ್ಲ. ಹೊಡೆದ ಸರ್ವ್ ಎಲ್ಲ ನೆಟ್ಟಿಗೆ, ಎತ್ತಿದ ಚೆಂಡೆಲ್ಲ ಸಮುದ್ರಕ್ಕೆ. ಇವರನ್ನು ನೋಡಿದರೆ ವಾಲಿಬಾಲ್ ಎಂದೂ ಕಂಡವರಲ್ಲ ಅಂತ ಯಾರು ಬೇಕಾದರೂ ಆಣೆ ಮಾಡುವಂತಿತ್ತು. ನನಗೆ ಬೆವರಿಳಿಯುತ್ತಿತ್ತು. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ತಿರುಗಿ ನೋಡಲು ಧೈರ್ಯವಿಲ್ಲ. ಮುಗಿಯಿತು, ಈ ಸಲ ಕಣ್ಣಾರೆ ನೋಡಿ ಬರೆಯುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ಸೈರನ್ ಕೂಗಿತು. ಹುಡುಗಿಯರು ಅಳುಮೋರೆ ಹಾಕಿಕೊಂಡು ಎಂದಿನ ಹಾಗೆ ಕಂಬದಿಂದ ನೆಟ್ ಬಿಚ್ಚಿದರು. ಎಂದಿನ ಹಾಗೆ ಹೆಂಗಸರು ಬುಟ್ಟಿ ತಂದು ಮೀನು ಹರವಿದರು. ಸೆಟ್ಟರ್ ಹುಡುಗಿ ನೆಟ್ಟಿನ ಒಂದು ತುದಿ, ಅವಳ ತಾಯಿ ಇನ್ನೊಂದು ತುದಿ. ಮಾತು ಬಿಟ್ಟಿದ್ದ ತಾಯಿ ಮಗಳು ಮುಖ ಮುಖ ನೋಡದೆ ಅದನ್ನು ಕೊಡವಿ ಮೀನಿನ ಮೇಲೆ ಹಾಸಿದರು. ಮೇಡಂ ದೋಣಿಯಿಂದ ಎದ್ದು ನಿಂತಿದ್ದರು. ಹತ್ತಿರ ಬಂದು ಬಗ್ಗಿ ಆ ಬಿಳೀ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿ, "ಆಟ ಮಾತ್ರ ತುಂಬಾ ಕೆಟ್ಟದಾಗಿ ಆಡ್ತಾರೆ" ಅಂದರು. ಮೊದಲ ಸಲ ಅವರು ಬಾಯ್ತುಂಬ ನಕ್ಕದ್ದನ್ನು ಕಂಡೆ.

ಅವರು ನಮ್ಮ ಕ್ಲಬ್ಬಿನ ತಿರಸ್ಕಾರವೊಂದನ್ನೇ ತಿದ್ದಿದ್ದರೆ ಬಹುಶಃ ಯಾರೂ ಗಮನಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನಡುಹಗಲಲ್ಲಿ ನೋಡಿ 'ಚಟುವಟಿಕೆ ಇಲ್ಲ' ಅಂತ ತಾವು ಬರೆದ ಎಲ್ಲ ಕ್ಲಬ್ಬುಗಳನ್ನೂ ಮತ್ತೆ ನೋಡಬೇಕು, ಅರ್ಜಿಯಲ್ಲಿ ಆಡುವ ಹೊತ್ತಿಗೆ ಒಂದು ಕಾಲಂ ಇರಬೇಕು, ಇನ್ಸ್‌ಪೆಕ್ಷನ್ ಆ ಹೊತ್ತಿಗೇ ಆಗಬೇಕು ಅಂತ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದರು. ಕಚೇರಿಯಲ್ಲಿ ಬೆಂಕಿ ಬಿತ್ತು. ಬೆಳಗಾಗೆದ್ದು ಮೈದಾನ ಸುತ್ತಬೇಕಾ ಅಂತ ಸಹೋದ್ಯೋಗಿಗಳು ತಿರುಗಿಬಿದ್ದರು. ಯಾರೋ ನಮ್ಮಿಬ್ಬರ ಮನೆ ಒಂದೇ ಕಟ್ಟಡದಲ್ಲಿದೆ ಅನ್ನುವುದನ್ನು ಹುಡುಕಿ ತೆಗೆದರು. ಪಕ್ಕದ ಮನೆಯವಳಿಗಾಗಿ ನಿಯಮ ಮುರಿದಿದ್ದಾರೆ, ಅನುಮತಿಯಿಲ್ಲದೆ ಸ್ಥಳಕ್ಕೆ ಹೋಗಿದ್ದಾರೆ ಅಂತ ಮೆಮೊ ಬಂತು. ಟಿಪ್ಪಣಿ ವಾಪಸು ತೆಗೆದುಕೊಂಡರೆ ಮೆಮೊ ಕೈಬಿಡುತ್ತೇವೆ ಅಂದರಂತೆ. ಇದನ್ನೆಲ್ಲ ಅವರು ನನಗೆ ಹೇಳಿದವರಲ್ಲ. ಅವರ ಕಚೇರಿಯ ಜೀಪಿನ ಡ್ರೈವರು ನಮ್ಮ ಯಜಮಾನರ ಹತ್ತಿರ ಹೇಳಿದ್ದು.

ನಾನು ಮೇಲೆ ಹೋದೆ. ಈ ಸಲ ಮೆಲ್ಲಗೆ. ಮಂಚದ ಮೇಲೆ ಅವರ ತಾಯಿ ಮೇಲುಸಿರು ಬಿಡುತ್ತಿದ್ದರು. "ಮೇಡಂ, ತೊಗೊಂಡ್ಬಿಡಿ ಅದನ್ನ. ನಮ್ಮ ಮೈದಾನ ಹೋದ್ರೆ ಹೋಗಲಿ. ಅಮ್ಮನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀರಿ?" ಅಂದೆ. ಮನಸ್ಸಿನಿಂದಲೇ ಅಂದೆ. ಹುಡುಗಿಯರ ಮುಖ ಕಣ್ಣ ಮುಂದೆ ಬಂತು, ಆದರೂ ಅಂದೆ.

"ನಿನಗೋಸ್ಕರ ಮಾಡಿದ್ದಿದ್ರೆ ನೀನು ಹೇಳಿದ ಹಾಗೆ ವಾಪಸ್ ತೊಗೋಬಹುದಿತ್ತು" ಅಂದರು ಅವರು. "ನಾನು ಇಷ್ಟು ವರ್ಷ ಖಾಲಿ ಮೈದಾನ ನೋಡಿ ನೋಡಿ ಬರೆದಿದೀನಮ್ಮಾ. ಎಷ್ಟು ಕಡೆ ಬೆಳಿಗ್ಗೆ ಮಕ್ಕಳು ಆಡ್ತಿದ್ರೋ..." ತಾಯಿಯ ಹೊದಿಕೆ ಸರಿಮಾಡಿದರು.

ವರ್ಗವಾಯಿತು. ತೆಂಕಣ ತುದಿಯ ಒಂದು ಜಿಲ್ಲೆಗೆ. ತಾಯಿಯನ್ನು ಹಾಸಿಗೆ ಸಮೇತ ವ್ಯಾನಿನಲ್ಲಿ ಮಲಗಿಸಿ ಕರೆದುಕೊಂಡು ಹೋದರು. ಕೆಳಗೆ ನಿಂತಿದ್ದ ನನಗೆ ಮನೆಯ ಕರಿಬೇವಿನ ಕುಂಡ ಕೊಟ್ಟು, "ನನ್ನ ಹೆಸರು ಆ ಮೈದಾನದಲ್ಲಿ ಎತ್ತಬೇಡ. ಮಾತು ಕೊಡು" ಅಂದರು. ಕೊಟ್ಟೆ. ನಾನು ಜೋರಾಗಿ ಅತ್ತುಬಿಟ್ಟೆ. ಅವರು ಅಳಲಿಲ್ಲ. ಆ ವರ್ಷದ ಮಳೆಗಾಲದಲ್ಲೇ ತಾಯಿ ತೀರಿಕೊಂಡರು ಅಂತ ಆಮೇಲೆ ಫೋನಿನಲ್ಲಿ ಹೇಳಿದರು. ಕೀಲ್ಪಾಕ್‌ನಲ್ಲೇ ಇದ್ದಿದ್ದರೆ ಉಳಿಯುತ್ತಿದ್ದರೇನೋ... ಅದನ್ನು ಅವರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಚಿತ್ತಿರೈ ಇನ್ನೇನು ಬಂತು ಅನ್ನುವಾಗ ಕಚೇರಿಯಿಂದ ಒಂದು ಕಾಗದ ಬಂತು, ನೀವು ಆಡುವ ಸಮಯ ತಿಳಿಸಿ ಅಂತ. ಮೇಡಂ ಅವರನ್ನು ಕಳಿಸಿ, ಅವರ ಟಿಪ್ಪಣಿಯನ್ನು ಮಾತ್ರ ಇಟ್ಟುಕೊಂಡಿದ್ದರು! ಹೊಸ ಅಧಿಕಾರಿ ಕಣ್ಣುಜ್ಜಿಕೊಳ್ಳುತ್ತ ಬೆಳಿಗ್ಗೆ ಬಂದರು. ನನ್ನ ಹುಡುಗಿಯರು ಅವತ್ತು ಹುಚ್ಚು ಹಿಡಿದವರ ಹಾಗೆ ಆಡಿದರು. ಅನುದಾನ ಬಂತು, ಮುದಲಾಳಿ ಜಾಗ ಬರೆದುಕೊಟ್ಟರು, ಲಾರಿ ಬರಲಿಲ್ಲ.

ಪ್ರತಿ ವರ್ಷದ ಟೂರ್ನಮೆಂಟಿಗೂ ಅವರನ್ನು ಕರೆದೆ. ನಿವೃತ್ತರಾಗಿ ಹೊಸೂರಿಗೆ ಬಂದ ಮೇಲೂ ಕರೆದೆ. ಪ್ರತಿ ಸಲ ಅದೇ ಉತ್ತರ: "ನಾನು ಬಂದು ಅಲ್ಲಿ ಕುರ್ಚಿ ಮೇಲೆ ಕೂತ್ರೆ ಆಫೀಸಿನವರು ಅಂದಿದ್ದೇ ನಿಜ ಅಂತಾಗುತ್ತೆ ಕಣಮ್ಮಾ." ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಹಟ ಯಾಕೆ, ಯಾರು ನೆನಪಿಟ್ಟುಕೊಂಡಿದ್ದಾರೆ ಈಗ ಅದನ್ನೆಲ್ಲ, ಅಂತ ಬೈದದ್ದೂ ಉಂಟು. ಅವರು ನಕ್ಕು ಹುಡುಗಿಯರ ಆಟ ಸುಧಾರಿಸಿತಾ ಅಂತ ಕೇಳುತ್ತಿದ್ದರು. ಹೋದ ತಿಂಗಳು ಫೋನ್ ಮಾಡಿದಾಗ ಎತ್ತಿದ್ದು ಅವರ ತಂಗಿಯ ಮಗ. ದೊಡ್ಡಮ್ಮ ಹೋಗಿಬಿಟ್ಟರು ಅಂದ. ಮಲಗಿದಲ್ಲೇ ಪ್ರಾಣ ಹೋಗಿತ್ತಂತೆ.

ಲಿಫ್ಟಿನಲ್ಲಿ ಚೀಟಿ ಅಂಟಿಸಿದ ಎರಡನೆಯ ದಿನವೇ ಮೈದಾನದಲ್ಲಿ ಈ ವರ್ಷದ ಇನ್ಸ್‌ಪೆಕ್ಷನ್ ಇತ್ತು. ಈಗ ಕೋಚ್ ನಮ್ಮ ಆ ಸೆಟ್ಟರ್ ಹುಡುಗಿ. ನಾನು ಸುಮ್ಮನೆ ದೋಣಿಯ ಮೇಲೆ ಕೂರುವವಳು. ಬಂದ ಅಧಿಕಾರಿ ಚಿಕ್ಕ ವಯಸ್ಸಿನವರು, ಕೃಷ್ಣಗಿರಿ ಕಡೆಯವರಂತೆ, ನನ್ನ ಕನ್ನಡ ಕೇಳಿ ಕನ್ನಡದಲ್ಲೇ ಮಾತಾಡಿದರು. ಅವರು ಬಾಯಿ ತೆರೆಯುವ ಮೊದಲೇ ಕೋಚಿನ ತಾಯಿ, ಈಗ ಮುದುಕಿ, ಓಡಿ ಬಂದು, ಇಲ್ಲಿ ದಿನಾ ಆಡ್ತಾರೆ ಸಾರ್, ಅಜ್ಜಿ ಕಾಲದಿಂದ ಆಡ್ತಾರೆ ಅಂತ ತಮಿಳಿನಲ್ಲಿ ಶುರುಮಾಡಿಬಿಟ್ಟಳು. ಅಧಿಕಾರಿ ಆಕಳಿಸುತ್ತ ನನ್ನ ಪಕ್ಕ ಕೂತು, "ಹಾಲಿನವನಿಗಿಂತ ಮುಂಚೆ ಏಳಬೇಕು ನಾವು. ಯಾವ ಪುಣ್ಯಾತ್ಮರು ಮಾಡಿದ ರೂಲೋ ಇದು!" ಅಂದರು.

ನಾನು ಮೇಲ್ಮನೆ ಮೇಡಂ ಹೆಸರು ಹೇಳಿದೆ. ಗಟ್ಟಿಯಾಗಿ ಹೇಳಿದೆ. ಕೊಟ್ಟ ಮಾತು ಇನ್ನು ಯಾರಿಗಾಗಿ ಉಳಿಸಿಕೊಳ್ಳಲಿ? ಆ ಮರಳಿನ ಮೇಲೆ ಆ ಹೆಸರು ಕೇಳಿದ್ದು ಅದೇ ಮೊದಲು. ಕೋಚ್ ಹುಡುಗಿ ತಿರುಗಿ ನೋಡಿದಳು. ಅಧಿಕಾರಿ, "ಓ, ಗೊತ್ತಿಲ್ವಲ್ಲ ಮೇಡಂ. ಅವರನ್ನೂ ಇವತ್ತು ಕರೀಬಹುದಿತ್ತು" ಅಂದರು.

"ಹೌದು" ಅಂದೆ. "ಇನ್ನು ಕರೆದರೆ ಯಾರೂ ಏನೂ ಅನ್ನಲ್ಲ. ಬರೋಕೆ ಅವರೇ ಇಲ್ಲ."

ಸೈರನ್ನಿನ ಆ ಕಾರ್ಖಾನೆ ಮುಚ್ಚಿ ಕೆಲವು ವರ್ಷಗಳಾದವು. ಈಗ ಬಿಸಿಲು ನೋಡಿ ಆಟ ನಿಲ್ಲಿಸುತ್ತಾರೆ. ಹುಡುಗಿಯರು ನೆಟ್ ಬಿಚ್ಚಿದರು, ಮುದುಕಿ ಮೀನು ಹರವಿದಳು. ಅವಳ ಕೈಗೆ ಈಗ ಅಷ್ಟು ಶಕ್ತಿಯಿಲ್ಲ. ನಾನು ಕಣ್ಣೊರೆಸಿಕೊಂಡು ಎದ್ದು ಹೋಗಿ ನೆಟ್ಟಿನ ಬಿಳೀ ಪಟ್ಟಿಯ ಕಡೆಯ ತುದಿ ಹಿಡಿದುಕೊಂಡೆ.